ಅಧ್ಯಕ್ಷರ ಗುಂಡಿ

ಧನಕವಡಿಯ ನಮ್ಮ ಮನೆಯ ಫ್ಯಾನಿನ ರೆಗ್ಯುಲೇಟರ್ ಕೆಟ್ಟು ಬಹಳ ಕಾಲವಾಯಿತು. ಒಂದಕ್ಕಿಡಿ, ಐದಕ್ಕಿಡಿ, ಫ್ಯಾನು ಸ್ಥಿತಪ್ರಜ್ಞನಂತೆ ಒಂದೇ ಗತಿಯಲ್ಲಿ ತಿರುಗುತ್ತದೆ. ಆದರೂ ಮನೆಗೆ ಬಂದ ಗಂಡಸರಲ್ಲಿ ಅದನ್ನು ಮುಟ್ಟದೆ ಕುಳಿತವನನ್ನು ನಾನಿನ್ನೂ ಕಂಡಿಲ್ಲ. ಗುಂಡಿ ಕಂಡರೆ ತಿರುಗಿಸುವುದು ಪುರುಷಜಾತಿಗೆ ಹುಟ್ಟಿನಿಂದಲೇ ಅಂಟಿದ ವ್ಯಾಧಿಯೆಂಬುದು ನನ್ನ ಹೆಂಡತಿಯ ಸಿದ್ಧಾಂತ. ಶಾಲ್ಮಲಾ ಅದಕ್ಕೆ ಸಾಕ್ಷ್ಯ ಒದಗಿಸುವವರೆಗೂ, ಓದುಗ ಮಹಾಶಯರೇ, ನಾನದನ್ನು ಖಂಡಿಸುತ್ತಲೇ ಬಂದಿದ್ದೆ.

ಶಾಲ್ಮಲಾ ಧಾರವಾಡದ ನನ್ನ ಅಕ್ಕನ ಮಗಳು. ಧ್ವನಿ ತಂತ್ರಜ್ಞಾನ ಕಲಿತು, ಇಲ್ಲೇ ಕೊಂಢವಾದ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ವೈರು ಸುತ್ತುವುದನ್ನೂ ಗಾಯಕರಿಗೆ ಚಹಾ ತರಿಸುವುದನ್ನೂ ಸಾಂಗವಾಗಿ ಅಭ್ಯಾಸ ಮಾಡಿ, ಕೊನೆಗೆ ಬೇಸತ್ತು ಸ್ವಂತ ಮೈಕು, ಮಿಕ್ಸರುಗಳೊಂದಿಗೆ ಹೊರಬಿದ್ದವಳು. ಅವಳ ಮೊದಲ ಸ್ವತಂತ್ರ ಕಾರ್ಯಕ್ರಮ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ. ಸಂಘದ ಅಧ್ಯಕ್ಷನಾದ ನಾನು ಸ್ವಜನಪಕ್ಷಪಾತವನ್ನು ಹಾಡಹಗಲೇ ಮಾಡಿದೆ. ಆದರೆ ಕಾರ್ಯದರ್ಶಿಗಳಾದ ಹಡಪಸರದ ಹೋಟೆಲಿನ ಶೆಟ್ಟರು ಷರತ್ತು ಹಾಕಿದರು. "ಹೆಣ್ಣುಮಗಳಿಂದ ಇದೆಲ್ಲ ಆಗ್ಲಿಕ್ಕುಂಟಾ ಮಾರಾಯ್ರೆ? ಮೈಕು ಒಮ್ಮೆ ಸೀಟಿ ಹೊಡೆದ್ರೆ ಮುಗೀತು, ಮುಂದಿನದ್ದೆಲ್ಲ ಹಳೆಯ ಸೌಂಡಿನವನಿಗೇ." ಗೆದ್ದರೆ ವರ್ಷವಿಡೀ ಸಂಘದ ಕಾರ್ಯಕ್ರಮಗಳು ಅವಳವು, ಸೋತರೆ ಅವಳು ಮತ್ತೆ ವೈರು ಸುತ್ತಲು ಕೊಂಢವಾಕ್ಕೆ.

ಅಂದು ಸಭಾಂಗಣಕ್ಕೆ ಬಂದವರೆಲ್ಲ ಮಿಕ್ಸರಿನ ಹಿಂದೆ ಕುಳಿತಿದ್ದ ಅವಳನ್ನೇ "ಸೌಂಡಿನವರು ಎಲ್ಲಿ?" ಎಂದು ಕೇಳಿದರು, ಅವಳೇ ಎಂದು ತಿಳಿದ ಮೇಲೆ ಉಪದೇಶಕ್ಕೆ ತೊಡಗಿದರು. ಅಡುಗೆಮನೆಯ ಮಿಕ್ಸಿಯನ್ನೂ ಮುಟ್ಟಿ ಗೊತ್ತಿರದ ನಾನು ಮಿಕ್ಸರಿನ ಬಗ್ಗೆ ಸವಿಸ್ತಾರವಾಗಿ ಮಾತಾಡಿದೆ. ಅವಳು ಎಲ್ಲವನ್ನೂ ಕೇಳಿ, ಕೆಂಪು ಟೇಪಿನ ಮೇಲೆ 'ಅಧ್ಯಕ್ಷರು' ಎಂದು ಬರೆದಿದ್ದ, ತುದಿಯ ಗುಂಡಿಯೊಂದನ್ನು ತೋರಿಸಿದಳು. "ಮಾಮಾ, ಇದು ಭಾಳ ನಾಜೂಕ ಅದರಿ. ನೀವು, ಶೆಟ್ಟರು ಬಿಟ್ರ ಬ್ಯಾರೆ ಯಾರೂ ಮುಟ್ಟಬಾರದು." ಶೆಟ್ಟರು ವೇದಿಕೆಯಿಂದ ಹಲೋ ಎಂದರು, ನಾನು ಕೂದಲೆಳೆಯಷ್ಟು ತಿರುಗಿಸಿದೆ. ಅವರ ಕಂಠಕ್ಕೆ ಗಾಂಭೀರ್ಯ ಬಂದದ್ದನ್ನು ಈ ಕಿವಿಗಳಿಂದಲೇ ಕೇಳಿದೆ.

ನನ್ನ ಅಧ್ಯಕ್ಷಭಾಷಣದ ಸರದಿ ಬಂದಾಗ ಗುಂಡಿಯ ಕಾವಲಿಗೆ ಶೆಟ್ಟರು ನಿಂತರು. ಕನ್ನಡಾಭಿಮಾನ ಉಕ್ಕೇರಿ, ನಾನು ಮೈಕನ್ನು ಕಿತ್ತು ಹಿಡಿದು ಮೆಟ್ಟಿಲಿಳಿದು ಸೀದಾ ಸ್ಪೀಕರಿನ ಎದುರಿಗೇ ಹೋಗಿ ನಿಂತುಬಿಟ್ಟೆ. ಮೈಕು ಸಣ್ಣಗೆ ಸೀಟಿ ಎತ್ತಿತು. ಹುಡುಗಿಯ ಹೊಟ್ಟೆಯ ಮೇಲೆ ನಾನೇ ಹೊಡೆದೆನಲ್ಲ ಎಂದುಕೊಂಡೆ. ಅತ್ತ ಶೆಟ್ಟರು ಎರಡೂ ಕೈಯಿಂದ ಅಧ್ಯಕ್ಷರ ಗುಂಡಿಯನ್ನು ತಿರುಚಿದರು. ಅದೇ ಗಳಿಗೆಯಲ್ಲಿ ಶಾಲ್ಮಲಾಳ ಎಡಗೈ ಬೇರೆಲ್ಲೋ ಮೆಲ್ಲಗೆ ಏನನ್ನೋ ಇಳಿಸಿತು. ಸೀಟಿ ಸಭಿಕರ ಕಿವಿ ಮುಟ್ಟುವ ಮೊದಲೇ ಅಡಗಿತು. ಶೆಟ್ಟರು ಗೋವರ್ಧನಗಿರಿ ಎತ್ತಿದವರಂತೆ ಬೆವರೊರೆಸಿಕೊಂಡರು.

ವಂದನಾರ್ಪಣೆಯಲ್ಲಿ "ಧ್ವನಿ ವ್ಯವಸ್ಥೆಯ ಮಹನೀಯರಿಗೆ" ಕೃತಜ್ಞತೆ ಸಂದಿತು. ಮಹನೀಯಳು ವೈರು ಸುತ್ತುತ್ತಿದ್ದಳು. ಆ ಗುಂಡಿಯ ಮಹಿಮೆಯೇನೆಂದು ಅವಳನ್ನು ಕೇಳಿದೆ.

"ಅದು ಯಾವುದಕ್ಕೂ ಜೋಡಿಸಿಲ್ರಿ ಮಾಮಾ. ನಮ್ಮ ಧಂದೆದಾಗ ದೊಡ್ಡವರಿಗಂತ ಅಂಥಾದ್ದೊಂದು ಇಟ್ಟಿರ್ತೇವಿ."

ಹಾಗಾದರೆ ಆ ಗಾಂಭೀರ್ಯ ಎಲ್ಲಿಂದ ಬಂತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮುಂದಿನ ಭಾನುವಾರ ಶೆಟ್ಟರು ಮನೆಗೆ ಬಂದರು. "ವರ್ಷಕ್ಕೆ ಅವಳೇ ಇರ್ಲಿ ಮಾರಾಯ್ರೆ. ಒಳ್ಳೆ ಹುಡುಗಿ, ಹೇಳಿದ್ದು ಕೇಳ್ತಾಳೆ." ಅವಳು ಗೆದ್ದಳೆಂದು ನನಗೆ ನಿಜವಾಗಿ ಸಂತೋಷವಾಯಿತು, ಗೆದ್ದದ್ದು ಈ ಕಾರಣಕ್ಕೆಂದು ಅಷ್ಟೇ ಸಿಟ್ಟೂ ಬಂತು. ನಿಜ ಹೇಳಿದರೆ ಕೆಲಸ ಕೈತಪ್ಪುತ್ತದೆ ಎಂದು ಬಾಯಿ ಮುಚ್ಚಿಕೊಂಡೆ. ಅಷ್ಟರಲ್ಲಿ ಶೆಟ್ಟರು ಎದ್ದು ರೆಗ್ಯುಲೇಟರನ್ನು ಮೂರರಿಂದ ನಾಲ್ಕಕ್ಕೆ ತಿರುಗಿಸಿ ಕುಳಿತರು.

"ಈಗ ಗಾಳಿ ಬಂತು ನೋಡಿ."

ಅಡುಗೆಮನೆಯಲ್ಲಿ ಹೆಂಡತಿ ನಕ್ಕದ್ದು ಕೇಳಿಸಿತು. ರೆಗ್ಯುಲೇಟರ್ ರಿಪೇರಿ ಮಾಡಲು ಮರುದಿನ ಬರಬೇಕಿದ್ದ ಎಲೆಕ್ಟ್ರಿಷಿಯನ್ನನಿಗೆ ಬರುವುದು ಬೇಡವೆಂದು ಆಗಲೇ ಫೋನು ಮಾಡಿದೆ. ಎಷ್ಟಾದರೂ ಮನೆಗೆ ದೊಡ್ಡವರು ಬರುತ್ತಿರುತ್ತಾರೆ.