ಕುಂಕುಮವಿಟ್ಟ ಮೀಟರ್

ದೆವ್ವ, ಪವಾಡ, ಶಕುನ ಎಂದರೆ ನಗುವವರ ಪೈಕಿ ನಾನು. ಯಾರಾದರೂ ಇಂಥ ಕತೆ ಹೇಳಿದರೆ “ಅಳತೆ ಮಾಡಿದ್ರಾ?” ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ಅದೇ ಪ್ರಶ್ನೆಯನ್ನು ನೀವು ನನಗೆ ಕೇಳಿದರೆ “ಇಲ್ಲ” ಎನ್ನಬೇಕಾಗುತ್ತದೆ.

ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ಪೀಣ್ಯದ ಒಂದು ಲೇತ್ ಶಾಪಿನ ಮೇಲಿನ ಮಹಡಿಯಲ್ಲಿ ನಮ್ಮ ಸಣ್ಣ ಕಂಪನಿಯಿತ್ತು. ಕಣ್ಣಿನ ಚಿಕಿತ್ಸೆಗೆ ಬೇಕಾದ ಹಸಿರು ಲೇಸರ್ ಮಾಡಲು ನಾನೂ ಸಹೋದ್ಯೋಗಿ ಸುಮಾಳೂ ಒದ್ದಾಡುತ್ತಿದ್ದೆವು. ಉಗುರಿಗಿಂತ ಚಿಕ್ಕದಾದ ಸೆಮಿಕಂಡಕ್ಟರ್ ಚಿಪ್ಪಿನ ಮೇಲೆ ಇನ್ನೊಂದು ಲೇಸರಿನ ಬೆಳಕು ಸುರಿದರೆ ಅದು ಕಣ್ಣಿಗೆ ಕಾಣದ ತನ್ನದೇ ಬೆಳಕು ಕೊಡುತ್ತದೆ. ಅದನ್ನು ಒಂದು ಹರಳು ಹಸಿರಾಗಿಸುತ್ತದೆ. ಆಸೆಪಟ್ಟು ಹೆಚ್ಚು ಸುರಿದರೆ ಚಿಪ್ ಕಾದು ಬೆಳಕು ಕುಸಿಯುತ್ತದೆ. ಬೇಕಾದ ಪವರ್‌ನ ಅರ್ಧವನ್ನೂ ನಾವು ದಾಟಿರಲಿಲ್ಲ. ಚಿಪ್ಪಿನ ವಿನ್ಯಾಸ ಸುಮಾಳದು, ಉಳಿದಿದ್ದುದು ಒಂದೇ ಚಿಪ್. ದಸರಾ ಮುಗಿದ ಮೇಲೆ ಪವರ್ ತೋರಿಸದಿದ್ದರೆ ಪ್ರಾಜೆಕ್ಟ್ ಮುಚ್ಚುವುದೇ ಎಂದು ಮಾಲೀಕರು ಹೇಳಿಯಾಗಿತ್ತು.

ಆಯುಧಪೂಜೆಯ ಮಧ್ಯಾಹ್ನ ಪ್ಲಗ್ ಕಿತ್ತು, ಲೇಸರಿಗೂ ಅದರೆದುರಿಟ್ಟ, ಬೆಳಕಿನ ಬಲ ಅಳೆಯುವ ಪವರ್ ಮೀಟರಿಗೂ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು ಪೂಜೆ ಮುಗಿಸಿದೆವು. ಸುಮಾ ಕಡಲೆಪುರಿ ಹಂಚಲು ಕೆಳಗೆ ಹೋದಳು. ಲೇತ್‌ಗಳೆಲ್ಲ ನಿಂತಿದ್ದರಿಂದ ಕಟ್ಟಡ ಎಂದೂ ಇಲ್ಲದಷ್ಟು ಸ್ತಬ್ಧವಾಗಿತ್ತು.

ತಿರುಗಿ ನೋಡಿದರೆ ಮೀಟರಿನ ಕಪ್ಪು ಮುಖದ ಮೇಲೆ ಹಸಿರು ಬೆಳಕು. ನಾವೆಂದೂ ನೋಡಿರದಷ್ಟು ಪ್ರಖರ, ಕೊಂಚವೂ ನಡುಗದ ಬೆಳಕು. ಗೋಡೆಯೆಲ್ಲ ಹಸಿರಾಗಿತ್ತು. ಪ್ಲಗ್ ನೆಲದ ಮೇಲೇ ಬಿದ್ದಿತ್ತು.

ಮೀಟರ್ ಬ್ಯಾಟರಿಯದು, ಗುಂಡಿ ಒತ್ತಿದ್ದರೆ ಸಾಕಿತ್ತು, ಅಳತೆ ಸಿಗುತ್ತಿತ್ತು. ಕೈ ಚಾಚಿದೆ ಕೂಡ. ಕುಂಕುಮ ಕಂಡು ಕೈ ತಾನಾಗಿ ಹಿಂದೆ ಬಂತು. ಆಯುಧಪೂಜೆಯಾದ ಮೇಲೆ ನಮ್ಮಮ್ಮ ಆ ದಿನವಿಡೀ ಈಳಿಗೆಮಣೆಯನ್ನೂ ಮುಟ್ಟಗೊಡುತ್ತಿರಲಿಲ್ಲ. ದೇವರನ್ನೇ ನಂಬದವನಿಗೆ ಆ ಗಳಿಗೆಯಲ್ಲಿ ಅಮ್ಮನ ಗದರಿಕೆ ಯಾಕೆ ನೆನಪಾಯಿತೋ! “ಸುಮಾ” ಎಂದು ಕೂಗಿಕೊಂಡೆ. ಅವಳು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಬೆಳಕು ಆರಿತ್ತು.

ಹಬ್ಬ ಕಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಚಿಪ್ಪಿನ ನಡುವೆ, ಮಿತಿಮೀರಿ ಬೆಳಕು ಸುರಿದಾಗ ಬೀಳುವಂಥ ಸುಟ್ಟ ಕಲೆಯಿತ್ತು. ಪೂಜೆಗೆ ಮೊದಲು ಇಬ್ಬರೂ ನೋಡಿದಾಗ ಅದು ಇರಲಿಲ್ಲ.

“ನೀನು ಸುಳ್ಳು ಹೇಳೋನಲ್ಲ, ಗೊತ್ತು ಕಣೋ,” ಎಂದಳು ಸುಮಾ. “ಎಷ್ಟಿತ್ತು, ಅದನ್ನಾದ್ರೂ ಹೇಳು.”

“ಮೀಟರ್ ಆನ್ ಮಾಡ್ಲಿಲ್ಲ.”

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಹಂಗಾದ್ರೆ ಒಂದ್ಸಲ ಗೆದ್ದಿತ್ತು ಅನ್ನು. ನಾನು ಪುರಿ ಹಂಚ್ತಾ ಇದ್ದೆ,” ಎಂದಷ್ಟೇ ಹೇಳಿದಳು.

ಪ್ರಾಜೆಕ್ಟ್ ಮುಚ್ಚಿತು. ಸುಮಾ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ, ಮತ್ತೆ ಲೇಸರ್ ಮುಟ್ಟಲಿಲ್ಲ. ತಿಳಿದವರನ್ನು ಕೇಳಿದರೆ ಕಿಟಕಿಯ ಬಿಸಿಲಿರಬೇಕು ಎನ್ನುತ್ತಾರೆ. ಇರಬಹುದು. ಆದರೆ ಆ ಸುಟ್ಟ ಕಲೆ?

ನಾನಿನ್ನೂ ಇದೇ ಕಸುಬಿನಲ್ಲಿದ್ದೇನೆ. ಆಯುಧಪೂಜೆಯಂದು ಎಲ್ಲ ಯಂತ್ರಗಳಿಗೂ ಕುಂಕುಮವಿಡುತ್ತಾರೆ. ಮೀಟರಿಗೆ ಮಾತ್ರ ನಾನು ಇಡಗೊಡುವುದಿಲ್ಲ. ಅದನ್ನು ಆನ್ ಮಾಡಿ, ಪ್ಲಗ್ ಕಿತ್ತ ಲೇಸರಿನ ಎದುರಿಗಿಟ್ಟು ಕೂರುತ್ತೇನೆ. ಇದುವರೆಗೆ ಸೊನ್ನೆಯನ್ನೇ ತೋರಿಸಿದೆ.