ತಿರುವಿನಲ್ಲಿ ಅಲ್ಲಾಡದ ಮುಳ್ಳು

ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಬಾಗಿದರೆ ಸಾಕು, ಹಿಂದಿನ ಕಿಟಕಿಗಳೆಲ್ಲ ಒಂದೊಂದಾಗಿ ಟಪ್ ಟಪ್ ಎಂದು ಮುಚ್ಚಿಕೊಳ್ಳುತ್ತಿದ್ದವು. ಯಾರೂ ಬೈಯುತ್ತಿರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ನನ್ನ ಬಾಯಿಯೇನೂ ಸಣ್ಣದಲ್ಲ. ಆದರೆ ಗಾಜು ಎಳೆದುಕೊಳ್ಳುವ ಸದ್ದಿಗೆ ಏನೆಂದು ಉತ್ತರ ಕೊಡುವುದು?

ನಮ್ಮ ಮನೆ ಹೆತ್ತೂರಿನಿಂದ ಇನ್ನೂ ಒಳಗೆ. ಅಕ್ಕ ಓದಿದ ಹೈಸ್ಕೂಲಿನಲ್ಲೇ ನಾನೂ ಓದಬೇಕೆಂದು ಅಪ್ಪ ಹಠ ಹಿಡಿದರು. ಹಾಗಾಗಿ ದಿನಾ ಹಾಸನದ ಬಸ್ಸು ಹತ್ತಿ, ಸಕಲೇಶಪುರ ದಾಟಿ, ಬಾಳ್ಳುಪೇಟೆಯಲ್ಲಿ ಇಳಿಯುತ್ತಿದ್ದೆ. ಸಕಲೇಶಪುರದವರೆಗೂ ರಸ್ತೆ ಬರೀ ತಿರುವು. ಬಸ್ಸಿನ ವಾಂತಿಗೆ ನಮ್ಮ ಕಡೆ ಒಂದೇ ಹೆಸರು, ಪಿತ್ತ. ಪಿತ್ತಕ್ಕೆ ಇರುವ ಮದ್ದುಗಳೆಲ್ಲ ನನ್ನ ಮೇಲೆ ಪ್ರಯೋಗವಾದವು. ಮೂಗಿಗೆ ನಿಂಬೆಹಣ್ಣು, ಬಾಯಿಗೆ ಶುಂಠಿ, ಒಂದು ವಾರ ಖಾಲಿ ಹೊಟ್ಟೆ, ಮರುವಾರ ಹೊಟ್ಟೆ ತುಂಬ ಅಕ್ಕಿರೊಟ್ಟಿ. ಸೀಟಿನ ಮೇಲೆ ಪೇಪರ್ ಹಾಸಿ ಕೂತರೆ ವಾಂತಿ ಬರುವುದಿಲ್ಲವೆಂದು ಯಾರೋ ಅವ್ವನ ಕಿವಿಯಲ್ಲಿ ಊದಿದ್ದರು. ಬಸ್ಸು ತುಂಬ ಜನರ ಎದುರು ಹಳೇ ಪೇಪರ್ ಬಿಡಿಸಿ, ಅದರ ಮೇಲೆ ಕೂತು, ಅದರ ಮೇಲೆ ಕೂತೇ ವಾಂತಿ ಮಾಡುತ್ತಿದ್ದೆ.

ಕಂಡಕ್ಟರ್ ಒಳ್ಳೆಯವರು. ಡ್ರೈವರ್ ಪಕ್ಕದ ಸೀಟನ್ನು ನನಗೆಂದೇ ಹಿಡಿದಿಡುತ್ತಿದ್ದರು. ಗಂಟಲು ಮಾತ್ರ ದೊಡ್ಡದು. “ಪುಟ್ಟೀ, ಕವರ್ ತಂದಿದೀಯೇನವ್ವಾ?” ಎಂದು ಮೆಟ್ಟಿಲ ಮೇಲಿಂದಲೇ ಕೂಗುವರು. ನಾನು ತಲೆ ತಗ್ಗಿಸಿ ಒಳಗೆ ನುಗ್ಗುತ್ತಿದ್ದೆ.

ನನಗೆ ಬೇಕಿದ್ದದ್ದು ಇಷ್ಟೇ: ಇದು ಶಾಲೆಯಲ್ಲಿ ಯಾರಿಗೂ ಗೊತ್ತಾಗಬಾರದು. ಅಲ್ಲಿ ನಾನು ಬುದ್ಧಿವಂತೆ, ಮೊದಲ ಬೆಂಚಿನವಳು. ಬಸ್ಸಿಳಿದ ಮೇಲೆ ಹೋಟೆಲಿನ ಹಿಂದಿನ ನಲ್ಲಿಯಲ್ಲಿ ಮುಖ ತೊಳೆದು, ಏಲಕ್ಕಿ ಅಗಿದು, ಏನೂ ಆಗದವಳಂತೆ ಗೇಟು ದಾಟುತ್ತಿದ್ದೆ. ಅದೇ ಬಸ್ಸಿಗೆ ಬರುವ ಪಕ್ಕದೂರಿನ ಗೆಳತಿಯೊಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳ ಕೈಯಲ್ಲಿ ದೇವರಾಣೆ ಹಾಕಿಸಿಕೊಂಡಿದ್ದೆ.

ಡ್ರೈವರ್ ಪಕ್ಕ ಕೂತರೆ ಸ್ಪೀಡಿನ ಮುಳ್ಳು ಕಾಣುತ್ತದೆ. ಹೊಟ್ಟೆಯ ಮೇಲಿನ ಗಮನ ತಪ್ಪಿಸಲು ನಾನು ಅದನ್ನೇ ನೋಡುತ್ತಿದ್ದೆ. ನಮ್ಮ ಡ್ರೈವರ್ ಹಳೇ ಕೈ. ಒಂದು ಹದಕ್ಕೆ ತಂದರೆಂದರೆ ತಿರುವಿನಲ್ಲೂ ಮುಳ್ಳು ಮೂವತ್ತು ಬಿಟ್ಟು ಅಲ್ಲಾಡುತ್ತಿರಲಿಲ್ಲ. ಮುಳ್ಳು ಅಲ್ಲೇ ಇದ್ದರೂ ನನ್ನ ಹೊಟ್ಟೆ ಗಂಟಲಿಗೆ ಬರುತ್ತಿತ್ತು. ಸಕಲೇಶಪುರ ದಾಟಿ ಹೈವೇಯ ನೇರಕ್ಕೆ ಬಿದ್ದರೆ ಮುಳ್ಳು ಅರವತ್ತಕ್ಕೆ ಏರುತ್ತಿತ್ತು, ಹೊಟ್ಟೆ ತೆಪ್ಪಗಿರುತ್ತಿತ್ತು. ನಿಧಾನಕ್ಕೆ ಹೋದರೆ ವಾಂತಿ, ಜೋರಾಗಿ ಹೋದರೆ ಸುಖ! ಇದ್ಯಾವ ಸೀಮೆಯ ಪಿತ್ತ ಎಂದು ನನಗೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು.

ಒಂಬತ್ತನೇ ಕ್ಲಾಸಿನಲ್ಲಿ ಚಲನೆಯ ಪಾಠ ಬಂತು. ವಿಜ್ಞಾನದ ಮೇಷ್ಟ್ರು ಅರಸೀಕೆರೆ ಕಡೆಯವರು, ಬಯಲಿನ ಮನುಷ್ಯ. ಜವ, ವೇಗ, ವೇಗೋತ್ಕರ್ಷ ಎಂದು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದು, ನಮ್ಮಿಂದ ಹಾಡಿನ ಹಾಗೆ ಹೇಳಿಸಿದರು. ಆಮೇಲೆ ಒಂದು ತಿರುವು, ಅದರ ಮೇಲೊಂದು ಬಸ್ಸು ಬರೆದರು.

“ಬಸ್ಸು ಒಂದೇ ಸಮ ಮೂವತ್ತರಲ್ಲಿ ಹೋಗ್ತಾ ಐತೆ. ತಿರುವಲ್ಲೂ ಮೂವತ್ತೇ. ವೇಗೋತ್ಕರ್ಷ ಐತಾ, ಇಲ್ವಾ?”

“ಇಲ್ಲಾ ಸಾರ್” ಎಂದಿತು ಕ್ಲಾಸು.

ನಾನೂ ಸುಮ್ಮನೆ ಹಾಗೆಂದಿದ್ದರೆ ಎಷ್ಟು ಚೆನ್ನಾಗಿತ್ತು. ನನ್ನ ಬಾಯಿ ಕೇಳಬೇಕಲ್ಲ. “ಐತೆ ಸಾರ್” ಎಂದುಬಿಟ್ಟೆ.

ಮೇಷ್ಟ್ರು ಖುಷಿಯಿಂದ ತಿರುಗಿದರು. “ಎದ್ದು ನಿಂತು ಹೇಳಮ್ಮ. ಹೆಂಗೆ ಗೊತ್ತಾಯ್ತು?”

ಎದ್ದು ನಿಂತೆ. ಉತ್ತರ ಗೊತ್ತಿತ್ತು, ಆದರೆ ಅದಕ್ಕೆ ನನ್ನ ಹತ್ತಿರ ಇದ್ದ ಪುರಾವೆ ಒಂದೇ. ಅದನ್ನು ಹೇಳುವುದೆಂದರೆ ಕವರನ್ನು ಎಲ್ಲರೆದುರು ಬಿಚ್ಚಿಟ್ಟ ಹಾಗೆ. “ಗೊತ್ತಿಲ್ಲ ಸಾರ್” ಎಂದೆ. ಅವರು ಬಿಡಲಿಲ್ಲ. “ಸುಮ್ಸುಮ್ನೆ ಹೇಳಲ್ಲ ನೀನು. ಯೋಚ್ನೆ ಮಾಡು” ಎಂದರು. ಕಿವಿ ಬಿಸಿಯಾಯಿತು, ಕಣ್ಣಲ್ಲಿ ನೀರು ಬಂತು. ಆಗ ನನ್ನ ಗೆಳತಿಗೆ ಕರುಣೆ ಉಕ್ಕಿತು. ದೇವರಾಣೆ ಮರೆತು ಎದ್ದು ನಿಂತಳು.

“ಸಾರ್, ಅವ್ಳು ಸುಳ್ಳು ಹೇಳ್ತಿಲ್ಲ ಕಣ್ಸಾರ್. ದಿನಾ ಬಸ್ಸಲ್ಲಿ ವಾಂತಿ ಮಾಡ್ಕೊತಾಳೆ. ತಿರುವಲ್ಲೇ ಬರೋದು. ನಾನೇ ನೋಡಿವ್ನಿ.”

ಕ್ಲಾಸಿಗೆ ಕ್ಲಾಸೇ ಘೊಳ್ಳೆಂದು ನಕ್ಕಿತು. ಮೇಷ್ಟ್ರು ನಗಲಿಲ್ಲ. ನಕ್ಕು ಮುಂದಕ್ಕೆ ಹೋಗಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಡಸ್ಟರಿನಿಂದ ಮೇಜು ಕುಟ್ಟಿ, “ನಗ್ಬೇಡ್ರೋ! ಇಡೀ ಕ್ಲಾಸಲ್ಲಿ ವೇಗೋತ್ಕರ್ಷ ಅರ್ಥ ಆಗಿರೋದು ಇವಳೊಬ್ಬಳಿಗೇ” ಎಂದರು. ವೇಗವೆಂದರೆ ದಿಕ್ಕೂ ಸೇರಿದ್ದು, ಮುಳ್ಳು ಅಲ್ಲಾಡದಿದ್ದರೂ ದಿಕ್ಕು ಬದಲಾದರೆ ವೇಗ ಬದಲಾದಂತೆಯೇ, ವೇಗ ಬದಲಾಗುವುದೇ ವೇಗೋತ್ಕರ್ಷ, ಅದು ಮುಳ್ಳಿಗೆ ತಿಳಿಯುವುದಿಲ್ಲ, ಈ ಹುಡುಗಿಯ ಹೊಟ್ಟೆಗೆ ತಿಳಿಯುತ್ತದೆ ಎಂದು ವಿವರಿಸಿದರು. ಬೋರ್ಡಿನ ಮೇಲಿನ ಬಸ್ಸಿಗೆ ಕಿಟಕಿ ಬರೆದು, ಅದರಲ್ಲಿ ಎರಡು ಜಡೆಯ ಒಂದು ತಲೆ ಬರೆದರು. ಭೂಮಿ ಬಾಯಿ ಬಿಟ್ಟಿದ್ದರೆ ಆಗಲೇ ಇಳಿದುಬಿಡುತ್ತಿದ್ದೆ.

ಅಲ್ಲಿಗೂ ಮುಗಿಯಲಿಲ್ಲ. ಪಕ್ಕದ ಸೆಕ್ಷನ್ನಿಗೂ ಅದೇ ಪಾಠ, ಅದೇ ಉದಾಹರಣೆ. ಮರುವರ್ಷದ ಒಂಬತ್ತನೇ ಕ್ಲಾಸಿನವರು ಊಟದ ಬೆಲ್ಲಿಗೆ ಬಂದು, ನಮ್ಮ ಬಾಗಿಲಲ್ಲಿ ಇಣುಕಿ, “ಯಾರು ಆ ಅಕ್ಕ?” ಎಂದು ಕೇಳಿ ನೋಡಿಕೊಂಡು ಹೋದರು. ಮೇಷ್ಟ್ರು ನನ್ನನ್ನು ಹೊಗಳುತ್ತಿದ್ದರೆಂಬುದು ನನಗೆ ಗೊತ್ತಿತ್ತು. ಆ ಹೊಗಳಿಕೆಯಲ್ಲೇ ನನ್ನ ಮಾನ ಹರಾಜಾಗುತ್ತಿತ್ತು. ಮನೆಯಲ್ಲಿ ಅತ್ತುಕೊಂಡು ಹೇಳಿದರೆ ಅವ್ವ, “ನಿಮ್ ಮೇಷ್ಟ್ರಿಗೇನ್ ಗೊತ್ತು? ಪಿತ್ತ ಕಣೇ ಅದು” ಎಂದು ಶುಂಠಿ ಜಜ್ಜಲು ಹೋದಳು.

ಈಚೆಗೆ ಕಾಫಿ ಕುಯ್ಲಿನ ಹೊತ್ತಿಗೆ ಹಾಸನದಿಂದ ತವರಿಗೆ ಹೊರಟಿದ್ದೆ. ಈಗಲೂ ಕೂರುವುದು ಡ್ರೈವರ್ ಪಕ್ಕದ ಸೀಟಿನಲ್ಲೇ. ಬಾಳ್ಳುಪೇಟೆಯಲ್ಲಿ ಯೂನಿಫಾರ್ಮಿನ ಹುಡುಗಿಯೊಬ್ಬಳು ಹತ್ತಿ ಪಕ್ಕದಲ್ಲಿ ಕೂತಳು. ನನ್ನದೇ ಶಾಲೆ. ಮಡಿಲಲ್ಲಿ ವಿಜ್ಞಾನದ ಪುಸ್ತಕ. ಯಾವ ಪಾಠ ಎಂದು ಕೇಳಿದೆ.

“ಚಲನೆ, ಆಂಟಿ. ನಮ್ ಸಾರ್ ಭಾಳ ಚೆನ್ನಾಗ್ ಮಾಡ್ತಾರೆ. ಮುಂಚೆ ನಮ್ ಸ್ಕೂಲಲ್ಲಿ ಒಬ್ಳು ಅಕ್ಕ ಇದ್ಳಂತೆ. ಬಸ್ಸಲ್ಲಿ ದಿನಾ ವಾಂತಿ ಮಾಡ್ಕೊಳ್ಳೋಳಂತೆ. ಮುಳ್ಳು ಮೂವತ್ತರಲ್ಲೇ ಇದ್ರೂ ವೇಗೋತ್ಕರ್ಷ ಐತೆ ಅಂತ ಅವಳಿಗೊಬ್ಬಳಿಗೇ ಗೊತ್ತಾಯ್ತಂತೆ.”

ಇಷ್ಟು ವರ್ಷವಾದರೂ ಕಿವಿ ಮತ್ತೆ ಬಿಸಿಯಾಯಿತು. ಅದು ನಾನೇ ಎನ್ನಬಹುದಿತ್ತು, ಅವಳು ಹಿಗ್ಗುತ್ತಿದ್ದಳು. ಆದರೆ “ಆ ಅಕ್ಕ ಈಗ ಎಲ್ಲಿದ್ದಾಳಂತೆ?” ಎಂದು ಯಾರದೋ ವಿಷಯವೆಂಬಂತೆ ಕೇಳಿದೆ.

“ಗೊತ್ತಿಲ್ಲ ಆಂಟಿ. ದೊಡ್ಡೋಳಾಗಿರ್ತಾಳೆ, ವಾಂತಿ ನಿಂತಿರುತ್ತೆ ಅಂತಾರೆ ಸಾರ್.”

ಸಕಲೇಶಪುರ ದಾಟಿತು. ಸೆರಗಿನ ಕೆಳಗೆ ಕವರ್ ಹಿಡಿದುಕೊಂಡೆ. ಈ ಹುಡುಗಿ ಇಳಿಯುವವರೆಗಾದರೂ ತಡೆಯಬೇಕೆಂದು ಹಲ್ಲು ಕಚ್ಚಿದೆ. ಮೊದಲ ತಿರುವು ಕಳೆಯಿತು. ಎರಡನೆಯದೂ ಕಳೆಯಿತು. ಮೂರನೆಯದರಲ್ಲಿ ಕವರ್ ಮುಖಕ್ಕೆ ಬಂತು. ಹಿಂದೆ ಕಿಟಕಿಗಳು ಟಪ್ ಟಪ್ ಎಂದವು.

ಹುಡುಗಿ ಪುಸ್ತಕ ಮುಚ್ಚಿ ನನ್ನ ಬೆನ್ನು ನೀವತೊಡಗಿದಳು. ನೀವುತ್ತಿದ್ದ ಕೈ ನಡುವೆ ತಟ್ಟನೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು, ಈ ಸಲ ಇನ್ನೂ ಮೆಲ್ಲಗೆ. ನನ್ನ ಕಿವಿಯ ಹತ್ತಿರ ಬಾಗಿ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು:

“ಮುಳ್ಳು ಮೂವತ್ತರಲ್ಲೇ ಐತೆ, ಅಕ್ಕ.”

ನಾನು ಕವರಿನಿಂದ ಮುಖ ಎತ್ತಲಿಲ್ಲ.