ಉಮ್ಮನ ಮಾತ್ರೆ ಡಬ್ಬಿ

ಅಂಗಿಯ ಗುಂಡಿ ಹುಡುಕಲು ಹಾಲಿನ ಪುಡಿಯ ಹಳೆಯ ಡಬ್ಬಿ ತೆರೆದೆ. ಸೂಜಿ, ನೂಲುಗಳ ನಡುವಿನಿಂದ ಇವತ್ತೂ ಅದೇ ವಾಸನೆ ಬಂತು, ಕ್ಯಾಪ್ಸೂಲ್ ಒಡೆದಾಗ ಬರುವ ಕಮಟು ವಾಸನೆ. ಎಷ್ಟು ತೊಳೆದರೂ ಹೋಗದ ಹಟಮಾರಿ ಮಾರಾಯ್ರೆ ಅದು...

ಡಬ್ಬಿ ಉಡುಪಿ ಹತ್ತಿರದ ಕಾಪುವಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬ್ಯಾರಿ ಮುಸ್ಲಿಂ ಹೆಂಗಸಿನದು. ಅವರ ಮಕ್ಕಳು ಕರೆಯುವುದನ್ನು ಕೇಳಿ ಕೇಳಿ ನಮಗೂ ಅವರು ಉಮ್ಮನೇ ಆಗಿಬಿಟ್ಟರು. ಕೇರಿಯಲ್ಲಿ ಯಾರಿಗೆ ಜ್ವರ ಇಳಿದರೂ ಉಳಿದ ಮಾತ್ರೆ ಉಮ್ಮನ ಡಬ್ಬಿಗೆ ಸೇರಬೇಕು, ಅದು ರೂಢಿ. ಬರೆದುಕೊಟ್ಟಷ್ಟನ್ನೂ ನುಂಗುವ ಅಭ್ಯಾಸ ಯಾರಿಗಿತ್ತು? ಇನ್ನೊಬ್ಬರ ಮೈ ಬಿಸಿಯಾದರೆ, ಕರೆಯದೆಯೇ ಉಮ್ಮ ಡಬ್ಬಿ ಹಿಡಿದು ಬಾಗಿಲಲ್ಲಿ ಹಾಜರು. ತೂಕಡಿಸುವ ಕೋಳಿಗೂ ಕ್ಯಾಪ್ಸೂಲ್ ಒಡೆದು ಗಂಜಿಯಲ್ಲಿ ಕಲಸಿ ಕೊಡುತ್ತಿದ್ದರು.

"ಅದಕ್ಕೂ ಜೀವ ಉಂಟಲ್ವಾ ಮಗಳೇ," ಎನ್ನುತ್ತಿದ್ದರು. ಕೋಳಿಗೂಡು ತೊಳೆದ ನೀರು ಮನೆ ಹಿಂದಿನ ಸಣ್ಣ ತೊರೆಗೆ, ನಮ್ಮ ತೋಡಿಗೆ, ಹರಿಯುತ್ತಿತ್ತು.

ಒಮ್ಮೆ ಗೂಡಿನ ತಂತಿ ಅವರ ಪಾದಕ್ಕೆ ಚುಚ್ಚಿತು. ಡಬ್ಬಿಯ ಮಾತ್ರೆ ಒಂದೊಂದಾಗಿ ನುಂಗಿ ನೋಡಿದರು. ಕಾಲು ಊದುತ್ತಲೇ ಹೋಯಿತು. ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನೇ. ಕೀವಿನ ಪರೀಕ್ಷೆಯ ವರದಿ ನೋಡಿದ ಡಾಕ್ಟರಮ್ಮ, ಕೊಟ್ಟ ಔಷಧಿ ಯಾವುದೂ ಈ ರೋಗಾಣುವಿಗೆ ತಾಗುತ್ತಿಲ್ಲ ಎಂದರು.

"ನನ್ನ ಡಬ್ಬಿಯಲ್ಲಿ ಬೇರೆ ಬಣ್ಣದ್ದು ಉಂಟು, ತರಿಸ್ಲಾ?" ಎಂದರು ಉಮ್ಮ. ನನಗೆ ನಗು ಬಂತು, ಮುಖ ಆಚೆ ತಿರುಗಿಸಿದೆ.

ಡಾಕ್ಟರಮ್ಮ ಬೈಯಲಿಲ್ಲ. ಮಂಚದ ಬದಿಯಲ್ಲಿ ಕುಳಿತು ಹೇಳಿದರು. ಅರ್ಧಂಬರ್ಧ ಮಾತ್ರೆಗೆ ಸಾಯದೆ ಉಳಿದ ರೋಗಾಣು ಇನ್ನಷ್ಟು ಗಟ್ಟಿಯಾಗುತ್ತದಂತೆ. ಮನುಷ್ಯರಲ್ಲಾಗಲಿ, ಕೋಳಿಯಲ್ಲಾಗಲಿ, ಬೆಳೆದದ್ದು ಮಣ್ಣು, ನೀರು ಸೇರಿ ಮತ್ತೆ ನಮ್ಮ ಬಳಿಗೇ ಬರುತ್ತದಂತೆ. ಉಮ್ಮನ ಕಾಲಿಗೆ ಎಲ್ಲಿಂದ ಬಂತೆಂದು ಮಾತ್ರ ಅವರಿಗೂ ಹೇಳಲಾಗಲಿಲ್ಲ.

"ನಾನು ಒಳ್ಳೇದಕ್ಕೇ ಅಲ್ವಾ ಕೊಟ್ಟದ್ದು?" ಉಮ್ಮ ಕೇಳಿದರು. ಡಾಕ್ಟರಮ್ಮ ಅವರ ಕೈ ಹಿಡಿದುಕೊಂಡರು...

ನಂಜು ಮೈಗೆಲ್ಲ ಏರಿತು. ಮಾತು ನಿಲ್ಲುವ ಮೊದಲು ನನ್ನನ್ನು ಹತ್ತಿರ ಕರೆದರು. "ಉಳಿದ ಮಾತ್ರೆ ತೋಡಿಗೆ ಬಿಸಾಡ್ಬೇಡ, ಮೀನಿಗೆ ಹೋಗ್ತದೆ. ಆಸ್ಪತ್ರೆಯವರಿಗೇ ಕೊಡು. ಡಬ್ಬಿ ನೀನು ಇಟ್ಕೋ, ಗಟ್ಟಿ ಡಬ್ಬಿ."

ಉಮ್ಮ ಹೋದ ಮೇಲೆ ಹಾಗೆಯೇ ಮಾಡಿದೆ.

ಗುಂಡಿ ಸಿಕ್ಕಿತು. ಮುಚ್ಚಳ ಹಾಕಲು ಮನಸ್ಸು ಬರುತ್ತಿಲ್ಲ. ಈಗ ನಮ್ಮ ಕೇರಿಯಲ್ಲಿ ಯಾರೂ ಮಾತ್ರೆ ಹಂಚುವುದಿಲ್ಲ. ಡಾಕ್ಟರು ಬರೆದದ್ದನ್ನು ಕೊನೆಯವರೆಗೂ ನುಂಗುತ್ತೇವೆ, ಅದೇ ಸರಿ. ಆದರೆ ಮೊನ್ನೆ ಜ್ವರ ಬಂದು ಮಲಗಿದ್ದಾಗ ನನ್ನ ಕಿವಿಯೆಲ್ಲ ಬಾಗಿಲ ಕಡೆಗೇ ಇತ್ತು. ಯಾರೂ ಬರಲಿಲ್ಲ.